ಮನೆ ಹಕ್ಕಿಗೆ ಹುಷಾರಿಲ್ಲ, ನಂಗೆ ನಿದ್ದೆ ಇಲ್ಲ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮನೇಲಿ ಒಂಬತ್ತು ವರ್ಷದಿಂದ ಹಕ್ಕಿ ಇದಾವೆ. ಮೊದ್ಲು ಒಂದು ಜೊತೆ ಬಡ್ಜಿ (ಅಂಗಡಿಯವ್ರು ಲವ್ ಬರ್ಡ್ಸ್ ಅಂತ ಕೊಡ್ತಾರಲ್ಲ, ಹೆಚ್ಚಾಗಿ ಅವು ಬಡ್ಜಿನೇ), ಆಮೇಲೆ ಮುತ್ತು ಅಂತ ಒಂದು ಕಾಕಟೀಲ್ (ತಲೆ ಮೇಲೆ ಜುಟ್ಟು ಇರತ್ತಲ್ಲ, ಅದು). ಎರಡೂ ಸಣ್ಣ ಗಿಳಿ ಜಾತಿನೇ. ದಾವಣಗೆರೆಯಲ್ಲಿ ಹಕ್ಕಿಗೆ ಅಂತಾನೇ ಇರೋ ಡಾಕ್ಟ್ರನ್ನ ಹುಡುಕಿ ಹುಡುಕಿ ಸಾಕಾಗಿ ಕೊನೆಗೆ ಶಿವಮೊಗ್ಗಕ್ಕೆ ಬಸ್ಸಲ್ಲಿ ಮಡಿಲ ಮೇಲೆ ಡಬ್ಬ ಇಟ್ಕೊಂಡು ಹೋದವಳು ನಾನು. ಅವತ್ತಿಂದ ಗೊತ್ತಿರೋರು, ಅವ್ರಿಗೆ ಗೊತ್ತಿರೋರು ಎಲ್ಲ ಫೋನ್ ಮಾಡಿ ಇವೇ ಪ್ರಶ್ನೆ ಕೇಳ್ತಾರೆ, ಅದ್ಕೇ ಒಂದು ಕಡೆ ಬರೆದಿಟ್ಟಿದೀನಿ. ನಾನು ಡಾಕ್ಟ್ರಲ್ಲ. ಇಲ್ಲಿ ಔಷಧಿ ಡೋಸ್ ಒಂದೂ ಸಿಗಲ್ಲ, ಡಾಕ್ಟ್ರು ಸಿಗೋವರೆಗೆ ಮತ್ತು ಸಿಕ್ಕಿದ್ಮೇಲೆ ನೀವು ಹೇಗೆ ಇರೋದು ಅನ್ನೋದು ಮಾತ್ರ ಇದೆ.

ಪುಕ್ಕ ಉಬ್ಬಿಸ್ಕೊಂಡು ಸುಮ್ನೆ ಕೂತಿದೆ. ಇದು ಕಾಯಿಲೆನಾ, ಇಲ್ಲ ನಾನೇ ಅತಿಯಾಗಿ ಯೋಚ್ನೆ ಮಾಡ್ತಿದೀನಾ?

ಎಲ್ರೂ ಮೊದ್ಲು ಕೇಳೋದು ಇದನ್ನೇ. ಮಧ್ಯಾಹ್ನ ಒಂದು ಕಾಲು ಮಡಚ್ಕೊಂಡು, ಸ್ವಲ್ಪ ಪುಕ್ಕ ಉಬ್ಬಿಸಿ, ಕೊಕ್ಕು ಕರಕರ ಅಂತ ಉಜ್ಜುತ್ತಾ ಕೂತಿದ್ರೆ ಆರಾಮಾಗಿದೆ ಅಂತ, ನೀವು ಹತ್ರ ಹೋದ ತಕ್ಷಣ ಮೈ ನೆಟ್ಟಗೆ ಮಾಡಿ ನೋಡತ್ತೆ. ಆದ್ರೆ ಎರಡೂ ಕಾಲು ಊರಿ, ದಿನ ಪೂರ್ತಿ ಉಂಡೆ ಥರ ಉಬ್ಬಿ, ಕಣ್ಣು ಅರ್ಧ ಮುಚ್ಕೊಂಡು, ನೀವು ಬಂದ್ರೂ ಕ್ಯಾರೇ ಅನ್ನದೆ ಕೂತಿದ್ರೆ ಹುಷಾರಿಲ್ಲ ಅಂತಾನೇ ತಿಳ್ಕೊಳ್ಳಿ.

ಹಕ್ಕಿಗಳು ಕಾಯಿಲೆ ಮುಚ್ಚಿಡ್ತವೆ. ಕಾಡಲ್ಲಿ ಸುಸ್ತಾದ ಹಕ್ಕಿ ಮೇಲೇನೇ ಮೊದ್ಲು ಗಿಡುಗನ ಕಣ್ಣು ಬೀಳೋದು, ಆ ಭಯ ಪಂಜರದಲ್ಲಿ ಹುಟ್ಟಿದ ಹಕ್ಕಿಗೂ ಹೋಗಿಲ್ಲ. ಅದ್ಕೇ ನಮ್ಮ ಕಣ್ಣಿಗೆ ಕಾಣೋ ಹೊತ್ತಿಗೆ ಎಷ್ಟೋ ಸಲ ಕಾಯಿಲೆ ಶುರುವಾಗಿ ಕೆಲವು ದಿನ ಆಗಿರತ್ತೆ. "ನಿನ್ನೆವರೆಗೆ ಚೆನ್ನಾಗೇ ಇತ್ತು" ಅಂತ ನಾವೆಲ್ಲ ಹೇಳೋದು ಅದ್ಕೇನೇ, ಅದು ನಿಮ್ಮ ನಿರ್ಲಕ್ಷ್ಯ ಅಲ್ಲ.

ಇವು ಕಂಡ್ರೆ ಮಾತ್ರ ನಾಳೆ ನೋಡೋಣ ಅನ್ಬೇಡಿ: ಪಂಜರದ ತಳದಲ್ಲಿ ಕೂತಿರೋದು, ಬಾಯಿ ತೆರೆದು ಉಸಿರಾಡೋದು, ಉಸಿರಿನ ಜೊತೆ ಬಾಲ ಮೇಲೆ ಕೆಳಗೆ ಆಡೋದು, ರಕ್ತ, ತಲೆ ಪುಕ್ಕಕ್ಕೆಲ್ಲ ಕಾಳು ಅಂಟೋ ಹಂಗೆ ವಾಂತಿ ಮಾಡಿರೋದು, ಹೆಣ್ಣಾಗಿದ್ರೆ ಮೊಟ್ಟೆ ಇಡೋಕೆ ಮುಕ್ಕುತ್ತಾ ಇರೋದು (ಗಂಡಿಲ್ದೆ ಒಂಟಿ ಹೆಣ್ಣೂ ಮೊಟ್ಟೆ ಇಡತ್ತೆ, ಎಷ್ಟೋ ಜನಕ್ಕೆ ಇದು ಗೊತ್ತಿರಲ್ಲ). ಇನ್ನು ಗಂಡು ಬಡ್ಜಿ ಕನ್ನಡಿ ಮುಂದೆ ತಲೆ ಆಡಿಸ್ತಾ ತಿಂದಿದ್ದು ಕಕ್ಕಿದ್ರೆ ಅದು ಪ್ರೀತಿ, ಗಾಬರಿ ಬೇಡ.

ರಾತ್ರಿ ಹನ್ನೊಂದು ಗಂಟೆ ಆಗಿದೆ, ಯಾವ ಡಾಕ್ಟ್ರೂ ಇಲ್ಲ. ಬೆಳಗ್ಗೆವರೆಗೆ ಏನ್ ಮಾಡ್ಲಿ?

ಬೆಚ್ಚಗೆ ಇಡಿ. ಇದೊಂದನ್ನ ಸರಿಯಾಗಿ ಮಾಡಿದ್ರೆ ಬೆಳಗಿನವರೆಗೆ ನಿಮ್ಮ ಕೈಲಾಗೋದ್ರಲ್ಲಿ ಮುಖ್ಯವಾದ್ದು ಮುಗೀತು. ಹಕ್ಕಿ ಮೈ ಬಿಸಿ ಸುಮಾರು 41 ಡಿಗ್ರಿ, ಮೂವತ್ತೈದು ಗ್ರಾಂ ಜೀವ ಹುಷಾರಿಲ್ದಾಗ ಇದ್ದಬದ್ದ ಶಕ್ತಿನೆಲ್ಲ ಆ ಬಿಸಿ ಉಳಿಸ್ಕೊಳ್ಳೋಕೇ ಖರ್ಚು ಮಾಡತ್ತೆ. ಪಂಜರದ ಮೂರು ಕಡೆ ಬಟ್ಟೆ ಹೊದಿಸಿ, ಹೊರಗಡೆಯಿಂದ ಒಂದು ಪಕ್ಕಕ್ಕೆ ಮಾತ್ರ ಹಳೇ ಕಾಲದ 40 ವ್ಯಾಟ್ ಬಲ್ಬ್ ಇಡಿ, ಬಟ್ಟೆಗೆ ತಾಕದ ಹಾಗೆ. ಎಲ್‌ಇಡಿ ಬಲ್ಬ್ ಹಚ್ಚಿ ಪ್ರಯೋಜನ ಇಲ್ಲ, ಬೆಳಕು ಬರತ್ತೆ ಬಿಸಿ ಬರಲ್ಲ. ಒಳಗೆ ಸುಮಾರು 30 ಡಿಗ್ರಿ ಇದ್ರೆ ಸಾಕು. ಇನ್ನೊಂದು ಪಕ್ಕ ತಣ್ಣಗೇ ಇರ್ಲಿ, ಸೆಕೆ ಆದ್ರೆ ಅದೇ ಸರ್ಕೊಂಡು ಹೋಗತ್ತೆ. ರೆಕ್ಕೆ ಮೈಯಿಂದ ದೂರ ಹಿಡ್ಕೊಂಡು ಏದುಸಿರು ಬಿಡ್ತಿದ್ರೆ ಬಿಸಿ ಜಾಸ್ತಿ ಆಯ್ತು ಅಂತ, ಬಲ್ಬ್ ದೂರ ಇಡಿ. ಕರೆಂಟ್ ಹೋದ್ರೆ ಬಾಟ್ಲಿಗೆ ಬಿಸಿನೀರು ತುಂಬಿ ಟವೆಲ್ ಸುತ್ತಿ ಪಂಜರಕ್ಕೆ ಒರಗಿಸಿಡಿ.

ಕೂರೋ ಕೋಲನ್ನ ಕೆಳಗೆ ಇಳಿಸಿ, ನವಣೆ, ನೀರು ಎರಡೂ ಕೊಕ್ಕಿಗೆ ಸಿಗೋ ಹತ್ರದಲ್ಲಿ ಇಡಿ, ತಳಕ್ಕೂ ಸ್ವಲ್ಪ ಕಾಳು ಉದುರಿಸಿ. ಬಾಯಿಗೆ ನೀರು ಹಾಕೋಕೆ ಹೋಗ್ಬೇಡಿ, ದಯವಿಟ್ಟು. ಸುಸ್ತಾಗಿರೋ ಹಕ್ಕಿಗೆ ಸಿರಿಂಜಲ್ಲಿ ನೀರು ಬಿಟ್ರೆ ಶ್ವಾಸನಾಳಕ್ಕೆ ಹೋಗತ್ತೆ. ಪ್ರೀತಿಯಿಂದಾನೇ ಹಾಕಿರ್ತೀವಿ, ಆದ್ರೂ ಆ ಒಂದು ಹನಿಯಿಂದ ಹೋದ ಹಕ್ಕಿಗಳಿದಾವೆ.

ಉಗುರು ಅಥವಾ ಹೊಸ ಗರಿ ಮುರಿದು ರಕ್ತ ಬರ್ತಿದ್ರೆ ಕಾರ್ನ್‌ಫ್ಲೋರ್ ಒತ್ತಿ ಹಿಡೀರಿ. ಬಡ್ಜಿ ಮೈಯಲ್ಲಿರೋ ರಕ್ತ ಎಲ್ಲ ಸೇರಿ ಸುಮಾರು 3 ಎಂಎಲ್, ಅರ್ಧ ಟೀ ಚಮಚಕ್ಕಿಂತ ಚೂರು ಜಾಸ್ತಿ ಅಷ್ಟೇ. ನಿಲ್ಲಲಿಲ್ಲ ಅಂದ್ರೆ ಯಾರನ್ನಾದ್ರೂ ಎಬ್ಬಿಸಿ ಫೋನ್ ಮಾಡಿ, ಸಂಕೋಚ ಪಡ್ಬೇಡಿ.

ಅಂಗಡಿಯವ್ರು ಒಂದು ಹಳದಿ ಪುಡಿ ಕೊಟ್ರು, ನೀರಿಗೆ ಹಾಕಿದ್ರೆ ಎಲ್ಲ ಹೋಗತ್ತೆ ಅಂದ್ರು. ಹಾಕ್ಲಾ?

ಬೇಡ. ನಾನೂ ಹಾಕಿದ್ದೆ, ನಮ್ಮ ಮೊದಲ ಬಡ್ಜಿ ಚಿಟ್ಟಿಗೆ, ನಾಲ್ಕು ದಿನ. ಆ ಪುಡಿಗಳು ಹೆಚ್ಚಾಗಿ ಟೆಟ್ರಾಸೈಕ್ಲಿನ್ ಜಾತಿ ಆಂಟಿಬಯಾಟಿಕ್. ಹುಷಾರಿಲ್ಲದ ಹಕ್ಕಿ ನೀರೇ ಸರಿಯಾಗಿ ಕುಡಿಯಲ್ಲ, ಕುಡಿದ್ರೂ ಎಷ್ಟು ಒಳಗೆ ಹೋಯ್ತು ಗೊತ್ತಾಗಲ್ಲ, ಪಂಜರದಲ್ಲಿ ಕಡಿಯೋಕೆ ಇಟ್ಟಿರೋ ಕ್ಯಾಲ್ಸಿಯಂ ತುಂಡಿನ ಜೊತೆ ಸೇರಿದ್ರೆ ಆ ಔಷಧಿ ಮೈಗೆ ಹತ್ತೋದೂ ಕಮ್ಮಿ. ಜೊತೆಗೆ ಕಹಿ ನೀರು ಅಂತ ಇರೋ ನೀರನ್ನೂ ಬಿಟ್ಬಿಡತ್ತೆ. ಎಲ್ಲಕ್ಕಿಂತ ಮುಖ್ಯ, ಕಾಯಿಲೆ ಯಾವುದು ಅಂತ ಗೊತ್ತಿಲ್ವಲ್ಲ? ಬಡ್ಜಿಗಳಿಗೆ ಹೊಟ್ಟೇಲಿ ಒಂಥರಾ ಯೀಸ್ಟ್ ಸೇರ್ಕೊಳ್ಳತ್ತೆ, ತಿಂತಾನೇ ಇರತ್ತೆ ಆದ್ರೂ ಸವೀತಾ ಹೋಗತ್ತೆ, ಹಿಕ್ಕೇಲಿ ಇಡಿ ಕಾಳು ಬರತ್ತೆ. ಅದಕ್ಕೆ ಆಂಟಿಬಯಾಟಿಕ್ ಏನೂ ಮಾಡಲ್ಲ, ಬೇರೆ ಔಷಧಿನೇ ಬೇಕು, ಹಿಕ್ಕೆ ಪರೀಕ್ಷೆ ಮಾಡಿ ಕಂಡುಹಿಡೀಬೇಕು. ಚಿಟ್ಟಿಗೆ ಇದ್ದಿದ್ದು ಅದೇ ಅಂತ ಆಮೇಲೆ ಗೊತ್ತಾಯ್ತು. ಆ ನಾಲ್ಕು ದಿನ ಈಗ್ಲೂ ಎದೇಲಿ ಕೂತಿದೆ.

ನಮ್ಮೂರಲ್ಲಿ ದನದ ಡಾಕ್ಟ್ರು ಮಾತ್ರ ಇರೋದು. ಎಲ್ಲಿಗೆ ಹೋಗೋದು?

ಮೊದ್ಲು ಅವ್ರನ್ನೇ ಕೇಳಿ. ಕೋಳಿ ಫಾರ್ಮ್ ನೋಡಿರೋ ಡಾಕ್ಟ್ರಿಗೆ ಹಕ್ಕಿ ಮೈ ಗೊತ್ತಿರತ್ತೆ, ಗೊತ್ತಿಲ್ದೆ ಇದ್ರೆ ಯಾರಿಗೆ ಗೊತ್ತು ಅಂತಾದ್ರೂ ಹೇಳ್ತಾರೆ. ಇನ್ನು ಸರ್ಕಾರಿ ಪಶುವೈದ್ಯಕೀಯ ಕಾಲೇಜುಗಳು, ಬೆಂಗಳೂರಿನ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್, ಗದಗ, ಇಲ್ಲೆಲ್ಲ ಕಾಲೇಜಿನ ಆಸ್ಪತ್ರೆ ಇರತ್ತೆ. ಹೊರಡೋ ಮುಂಚೆ ಫೋನ್ ಮಾಡಿ "ಹಕ್ಕಿ ನೋಡೋರು ಇವತ್ತು ಇದಾರಾ" ಅಂತ ಕೇಳಿ, ಓಪಿಡಿ ಟೈಮ್ ಕೇಳಿ. ಬೆಂಗಳೂರು, ಮೈಸೂರು, ಮಂಗಳೂರಲ್ಲಿ ಪ್ರೈವೇಟ್ ಕ್ಲಿನಿಕ್‌ಗಳಿದಾವೆ, ಅಲ್ಲೂ ನಾಯಿ ಬೆಕ್ಕು ಮಾತ್ರ ನೋಡೋರೇ ಜಾಸ್ತಿ, ಹಾಗಾಗಿ ಅದೇ ಪ್ರಶ್ನೆ ಕೇಳಿ. ಹಕ್ಕಿ ಹುಷಾರಾಗಿರೋವಾಗ್ಲೇ ಈ ನಂಬರ್ ಹುಡುಕಿ ಫ್ರಿಜ್ ಮೇಲೆ ಅಂಟಿಸಿಟ್ಟಿದ್ರೆ ಅರ್ಧ ಗಾಬರಿ ಕಮ್ಮಿ ಆಗತ್ತೆ, ನಾನು ಕಲಿತಿದ್ದು ತಡವಾಗಿ.

ಬಸ್ಸಲ್ಲಿ ಕರ್ಕೊಂಡು ಹೋಗ್ಬೋದಾ? ದಾರೀಲೇ ಏನಾದ್ರೂ ಆಗ್ಬಿಟ್ರೆ?

ಈ ಭಯಕ್ಕೇ ಎಷ್ಟೋ ಜನ ಹೊರಡೋದೇ ಇಲ್ಲ. ಆಗಬಾರದ್ದು ಆಗಬಹುದು, ನಾನು ಇಲ್ಲ ಅನ್ನಲ್ಲ, ಆದ್ರೆ ಮನೇಲಿ ಇಟ್ಕೊಂಡ್ರೆ ಆಗೋ ಸಾಧ್ಯತೆ ಅದಕ್ಕಿಂತ ಜಾಸ್ತಿ. ಗಾಳಿ ಆಡೋಕೆ ತೂತು ಮಾಡಿದ ಸಣ್ಣ ರಟ್ಟಿನ ಡಬ್ಬ ಸಾಕು, ತಳಕ್ಕೆ ಟವೆಲ್, ಮೇಲೆ ಕಾಳು, ನೀರಿನ ಬದ್ಲು ಒಂದು ತುಂಡು ಸೌತೆಕಾಯಿ. ಕತ್ತಲಿದ್ರೆ ಹಕ್ಕಿ ಗಾಬರಿ ಆಗಲ್ಲ. ಕಿಟಕಿ ಗಾಳಿ ನೇರ ಬಡಿಯೋ ಸೀಟು ಬೇಡ. ನಾನು ಹೊನ್ನಾಳಿ ದಾಟೋವರೆಗೆ ಹತ್ತು ಸಲ ಮುಚ್ಚಳ ತೆಗೆದು ನೋಡಿದೆ, ಪಕ್ಕದಲ್ಲಿ ಕೂತಿದ್ದ ಅಜ್ಜಿ ಒಬ್ರು "ಅದಕ್ಕೆ ನಿದ್ದೆ ಮಾಡಾಕೆ ಬಿಡವ್ವ, ನೀನೂ ಕಣ್ಣು ಮುಚ್ಚು" ಅಂದ್ರು. ಸರಿಯಾಗೇ ಹೇಳಿದ್ರು.

ಜೊತೆಗೆ ಆ ಬೆಳಗಿನ ಹಿಕ್ಕೆ ಬಿದ್ದಿರೋ ಪೇಪರ್ ಹಂಗೇ ಮಡಚಿ ಪ್ಲಾಸ್ಟಿಕ್ ಕವರಲ್ಲಿ ತಗೊಂಡ್ಹೋಗಿ, ಪಂಜರ ಚೆನ್ನಾಗಿ ತೊಳೆದು ಹೋಗ್ಬೇಡಿ. ಪಂಜರದ ಫೋಟೋ, ತಿನ್ನೋ ಕಾಳಿನ ಸ್ಯಾಂಪಲ್, ಬಾಲ ಆಡ್ತಿರೋ ವೀಡಿಯೋ ಫೋನಲ್ಲಿ ಇರ್ಲಿ, ಯಾಕಂದ್ರೆ ಡಾಕ್ಟ್ರ ಟೇಬಲ್ ಮೇಲೆ ಭಯಕ್ಕೆ ಹಕ್ಕಿ ಏನೂ ಆಗೇ ಇಲ್ಲ ಅನ್ನೋ ಹಂಗೆ ನಿಂತ್ಬಿಡತ್ತೆ.

ಡಾಕ್ಟ್ರ ಮುಂದೆ ಕೂತ್ರೆ ತಲೆ ಖಾಲಿ ಆಗತ್ತೆ. ಏನ್ ಕೇಳ್ಬೇಕು?

ಚೀಟೀಲಿ ಬರ್ಕೊಂಡು ಹೋಗಿ. ನನ್ನ ಚೀಟೀಲಿ ಯಾವಾಗ್ಲೂ ಇರೋದು: ಏನಿರಬಹುದು ಅಂತ ಅನ್ಸತ್ತೆ, ಯಾವ ಪರೀಕ್ಷೆಯಿಂದ ಖಚಿತ ಆಗತ್ತೆ, ಎಷ್ಟು ಖರ್ಚು, ಎಷ್ಟು ದಿನಕ್ಕೆ ಸುಧಾರಣೆ ಕಾಣ್ಬೇಕು, ಏನ್ ಕಂಡ್ರೆ ವಾಪಸ್ ಓಡಿ ಬರ್ಬೇಕು. ಆ ಕೊನೇ ಪ್ರಶ್ನೆ ಕೇಳದೆ ಎದ್ದು ಬರ್ಬೇಡಿ, ಮನೇಲಿ ಕೂತಾಗ ಅದೇ ನಿಮ್ಮ ಕೈ ಹಿಡಿಯೋದು.

ಔಷಧಿ ಅಳತೆನ ಸಿರಿಂಜ್ ಮೇಲೆ ಪೆನ್ನಲ್ಲಿ ಗೆರೆ ಹಾಕಿಸ್ಕೊಳ್ಳಿ. 0.05 ಎಂಎಲ್‌ಗೂ 0.5 ಎಂಎಲ್‌ಗೂ ಬಾಯಲ್ಲಿ ಹೇಳುವಾಗ ಒಂದು ಸೊನ್ನೆ ಅಷ್ಟೇ, ಬಡ್ಜಿ ಮೈಗೆ ಹತ್ತು ಪಟ್ಟು. ಮೊದಲ ಡೋಸ್ ಅವ್ರೇ ಹಾಕಿ ತೋರಿಸ್ಲಿ, ಎರಡನೇದು ಅವ್ರ ಮುಂದೆ ನೀವು ಹಾಕಿ. ಬೇಜಾರಾಗ್ತಾರೇನೋ ಅಂತ ಅನ್ಕೋಬೇಡಿ, ಒಳ್ಳೇ ಡಾಕ್ಟ್ರಿಗೆ ಖುಷಿನೇ ಆಗತ್ತೆ.

ಔಷಧಿ ಹಾಕೋಕೆ ಹಿಡಿದ್ರೆ ಕಿರುಚತ್ತೆ, ಕಚ್ಚತ್ತೆ. ಇನ್ಮೇಲೆ ನನ್ನ ನಂಬೋದೇ ಇಲ್ವೇನೋ?

ಮುತ್ತುಗೆ ಹನ್ನೆರಡು ದಿನ ಔಷಧಿ ಹಾಕಿದೆ, ಮೂರನೇ ದಿನದಿಂದ ನಾನು ರೂಮಿಗೆ ಬಂದ್ರೆ ಪಂಜರದ ಮೂಲೆಗೆ ಹೋಗ್ತಿತ್ತು, ಅಡುಗೆ ಮನೇಲಿ ನಿಂತು ಅತ್ತಿದೀನಿ. ಔಷಧಿ ನಿಲ್ಲಿಸಿ ಸುಮಾರು ಹದಿನೈದು ದಿನಕ್ಕೆ ಮತ್ತೆ ಹೆಗಲ ಮೇಲೆ ಬಂದು ಕೂತು ಕಿವಿ ಓಲೆ ಎಳೀತು. ವಾಪಸ್ ಬರತ್ತೆ.

ಹಿಡಿಯೋ ರೀತಿ ಮುಖ್ಯ. ಬಡ್ಜಿಗೆ ಕರ್ಚೀಫು, ಕಾಕಟೀಲ್‌ಗೆ ಸಣ್ಣ ಟವೆಲ್. ತಲೆ ಎರಡು ಪಕ್ಕ ಬೆರಳಲ್ಲಿ ಮೆಲ್ಲಗೆ ಹಿಡೀರಿ, ಎದೆ ಮಾತ್ರ ಒತ್ತಬಾರದು. ಹಕ್ಕಿಗೆ ನಮ್ಮ ಹಂಗೆ ವಪೆ (ಎದೆ ಹೊಟ್ಟೆ ಮಧ್ಯ ಇದ್ದು ಉಸಿರಾಡಿಸೋ ಸ್ನಾಯು) ಇಲ್ಲ, ಎದೆ ಮೂಳೆ ಹೊರಗೆ ಒಳಗೆ ಆಡಿದ್ರೇನೇ ಉಸಿರು, ಅದನ್ನ ಅಮುಕಿದ್ರೆ ಉಸಿರು ಕಟ್ಟತ್ತೆ. ಕೊಕ್ಕಿನ ಪಕ್ಕದಿಂದ ಹನಿ ಹನಿಯಾಗಿ, ನುಂಗೋವರೆಗೆ ಕಾದು. ಯಾವಾಗ್ಲೂ ಒಂದೇ ಜಾಗ, ಒಂದೇ ಟವೆಲ್, ಆ ಜಾಗ ಪಂಜರದ ಹತ್ರ ಬೇಡ, ಅಷ್ಟು ಮಾಡಿದ್ರೆ ಪಂಜರ ಅದರ ಪಾಲಿಗೆ ನೆಮ್ಮದಿ ಜಾಗವಾಗೇ ಉಳಿಯತ್ತೆ. ಚೆನ್ನಾಗಾಯ್ತು ಅಂತ ಮಧ್ಯ ನಿಲ್ಲಿಸ್ಬೇಡಿ.

ಹತ್ತು ನಿಮಿಷಕ್ಕೊಂದು ಸಲ ಎದ್ದು ನೋಡ್ತೀನಿ. ರಾತ್ರಿ ಎರಡು ಗಂಟೆಗೂ. ನಂಗೇ ಏನೋ ಆಗ್ಬಿಡತ್ತೆ ಅನ್ಸತ್ತೆ.

ಇಲ್ಲಿ ಸ್ವಲ್ಪ ಉದ್ದ ಬರೀತೀನಿ ಯಾಕಂದ್ರೆ ನಂಗೆ ಜಾಸ್ತಿ ಫೋನ್ ಬರೋದು ಇದಕ್ಕೇನೇ, ಅದೂ ರಾತ್ರಿ ಹೊತ್ತು.

ಪದೇ ಪದೇ ನೋಡೋದ್ರಿಂದ ಹಕ್ಕಿಗೂ ತೊಂದ್ರೆ. ಅದಕ್ಕೆ 10-12 ಗಂಟೆ ಕತ್ತಲು, ನಿದ್ದೆ ಬೇಕು, ನೀವು ಟಾರ್ಚ್ ಹಾಕಿದಾಗೆಲ್ಲ ಎಚ್ಚರ ಆಗಿ ಹುಷಾರಾಗಿರೋ ಥರ ನಿಲ್ಲತ್ತೆ, ಆ ನಿಲ್ಲೋಕೂ ಶಕ್ತಿ ಬೇಕಲ್ವಾ. ಆದ್ರೆ "ಯೋಚ್ನೆ ಮಾಡ್ಬೇಡ" ಅಂತ ಹೇಳಿದ್ರೆ ಯಾರ ಯೋಚ್ನೆನೂ ನಿಂತಿದ್ದು ನಾನು ಕಂಡಿಲ್ಲ. ನಂಗೆ ಕೆಲಸಕ್ಕೆ ಬಂದಿದ್ದು ಒಂದು ಅಡುಗೆ ಮನೆ ತಕ್ಕಡಿ ಮತ್ತೆ ಒಂದು ನೋಟ್ ಬುಕ್. ಒಂದು ಗ್ರಾಂವರೆಗೆ ತೋರಿಸೋ ಡಿಜಿಟಲ್ ತಕ್ಕಡಿ ತಗೊಳ್ಳಿ. ದಿನಾ ಬೆಳಗ್ಗೆ ಮೊದಲ ಹಿಕ್ಕೆ ಹಾಕಿದ್ಮೇಲೆ, ತಿನ್ನೋಕೆ ಮುಂಚೆ, ಸಣ್ಣ ಡಬ್ಬದಲ್ಲಿ ಕೂರಿಸಿ ತೂಕ ಬರೀರಿ. ಬಡ್ಜಿ ಸಾಮಾನ್ಯವಾಗಿ 30-40 ಗ್ರಾಂ, ಕಾಕಟೀಲ್ 80-100ರ ಆಸುಪಾಸು, ಆದ್ರೆ ನಿಮ್ಮ ಹಕ್ಕಿಯ ಮಾಮೂಲಿ ತೂಕ ಎಷ್ಟು ಅನ್ನೋದೇ ಲೆಕ್ಕ. ಅದರಲ್ಲಿ ಹತ್ತನೇ ಒಂದು ಭಾಗ ಇಳಿದ್ರೆ, ಅಂದ್ರೆ 35 ಇದ್ದಿದ್ದು 31-32ಕ್ಕೆ ಬಂದ್ರೆ, ಡಾಕ್ಟ್ರಿಗೆ ಫೋನ್. ಪುಕ್ಕದ ಒಳಗೆ ಸವೆದಿದ್ದು ಕಣ್ಣಿಗೆ ಕಾಣಲ್ಲ, ತಕ್ಕಡಿಗೆ ಕಾಣತ್ತೆ.

ಹಿಕ್ಕೆನೂ ಬರೀರಿ. ಅದರಲ್ಲಿ ಮೂರು ಭಾಗ: ಹಸಿರು ಅಥವಾ ಕಂದು ಎಳೆ, ಬಿಳಿ, ಸುತ್ತ ಸ್ವಲ್ಪ ನೀರು. ಕೆಳಗೆ ಬಿಳಿ ಪೇಪರ್ ಹಾಕಿ ಎಣಿಸಿ. ಬಿಳಿ ಇರ್ಬೇಕಾದ್ದು ಹಳದಿ-ಹಸಿರಾದ್ರೆ, ಕಪ್ಪಗೆ ಟಾರ್ ಥರ ಆದ್ರೆ ಹೇಳಲೇಬೇಕಾದ ಸಂಗತಿ. ಸೌತೆಕಾಯಿ ತಿಂದ ದಿನ ನೀರು ಜಾಸ್ತಿ ಇರತ್ತೆ, ಬೀಟ್‌ರೂಟ್ ತಿಂದ್ರೆ ಕೆಂಪು, ನಾನು ಒಂದ್ಸಲ ರಕ್ತ ಅಂತ ಡಾಕ್ಟ್ರಿಗೆ ಫೋನ್ ಮಾಡಿದ್ದೆ, ಪಾಪ ಅವ್ರು ಸಮಾಧಾನವಾಗಿ ಕೇಳಿ ತಿಳಿಸಿದ್ರು.

ನೋಡೋಕೆ ಟೈಮ್ ಇಟ್ಕೊಳ್ಳಿ, ನಂದು ಬೆಳಗ್ಗೆ ಏಳು, ಮಧ್ಯಾಹ್ನ ಒಂದು, ಸಂಜೆ ಐದು, ರಾತ್ರಿ ಎಂಟು. ಎಂಟಕ್ಕೆ ಬಟ್ಟೆ ಹೊದಿಸಿ ರೂಮಿನ ಬಾಗಿಲು ಹಾಕೋದು. ನೋಡ್ಬೇಕು ಅನ್ಸಿದಾಗ ನೋಟ್ ಬುಕ್ ತೆಗೆದು ಹಿಂದಿನ ಪುಟ ನೋಡ್ತೀನಿ. ರಾತ್ರಿ ಫೋನಲ್ಲಿ ಕಾಯಿಲೆ ಹೆಸರು ಹುಡುಕೋದು ಮಾತ್ರ ಬೇಡವೇ ಬೇಡ, ಎರಡು ಗಂಟೆಗೆ ಓದಿದ್ರೆ ಎಲ್ಲ ಲಕ್ಷಣನೂ ನಿಮ್ಮ ಹಕ್ಕೀಲಿ ಕಾಣತ್ತೆ.

ಇಷ್ಟಾದ್ರೂ ಊಟ ಸೇರ್ತಿಲ್ಲ, ವಾರಗಟ್ಟಲೆ ನಿದ್ದೆ ಇಲ್ಲ, ಎದೆ ಹೊಡ್ಕೊಳ್ತಾನೇ ಇದೆ ಅಂದ್ರೆ 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಟೆಲಿ ಮಾನಸ್ ಅನ್ನೋ ಮಾನಸಿಕ ಆರೋಗ್ಯ ಸಹಾಯವಾಣಿ, 2022ರಲ್ಲಿ ಶುರುವಾಗಿದ್ದು, ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ, ದುಡ್ಡು ಕೊಡೋ ಹಾಗಿಲ್ಲ, ಕನ್ನಡದಲ್ಲಿ ಮಾತಾಡ್ತಾರೆ. ಹಕ್ಕಿ ವಿಷ್ಯಕ್ಕೆ ಫೋನ್ ಮಾಡೋದಾ ಅಂತ ಅನ್ಕೋಬೇಡಿ. ನಿದ್ದೆ ಕೆಟ್ಟಿರೋದು ನಿಮ್ದು ತಾನೇ.

"ಆರುನೂರು ರೂಪಾಯಿ ಹಕ್ಕಿಗೆ ಮೂರು ಸಾವಿರ ಖರ್ಚಾ? ಇನ್ನೊಂದು ತಗೊಂಡ್ರಾಯ್ತು" ಅಂತಾರೆ ಮನೇಲಿ. ಏನ್ ಹೇಳ್ಲಿ?

ನಮ್ಮ ಅತ್ತೆನೂ ಹಂಗೇ ಅಂದಿದ್ರು. ನಾನು ವಾದ ಮಾಡ್ಲಿಲ್ಲ, "ಇದರ ಜವಾಬ್ದಾರಿ ತಗೊಂಡಿದೀನಿ ಅತ್ತೆ, ಅದಕ್ಕೆ ಬಾಯಿಬಿಟ್ಟು ಹೇಳ್ಕೊಳ್ಳೋಕೆ ಆಗಲ್ಲ, ನಾನು ನೋಡ್ಕೋಬೇಕು" ಅಂದೆ ಅಷ್ಟೇ. ಐದನೇ ದಿನ ಅವ್ರೇ ಕೊತ್ತಂಬರಿ ಸೊಪ್ಪು ತೊಳೆದು ತಂದು ಪಂಜರಕ್ಕೆ ಸಿಕ್ಕಿಸಿದ್ರು. ಎಲ್ಲ ಮನೇಲೂ ಹಿಂಗೇ ಆಗತ್ತೆ ಅಂತಲ್ಲ.

ಆದ್ರೆ ದುಡ್ಡು ನಿಜವಾಗ್ಲೂ ಇಲ್ಲ ಅನ್ನೋದು ಬೇರೆ ಮಾತು, ಅದರಲ್ಲಿ ನಾಚಿಕೆ ಏನೂ ಇಲ್ಲ. ಡಾಕ್ಟ್ರಿಗೆ ಮೊದ್ಲೇ ನೇರವಾಗಿ ಹೇಳಿ, "ಸರ್, ನನ್ನ ಹತ್ರ ಇಷ್ಟಿದೆ, ಇದರಲ್ಲಿ ಮುಖ್ಯವಾಗಿ ಯಾವುದು ಮಾಡ್ಬೇಕು?" ಎಕ್ಸ್‌ರೇ ಆಮೇಲೆ ಮಾಡಿ ಮೊದ್ಲು ಹಿಕ್ಕೆ ಪರೀಕ್ಷೆ ಮಾಡ್ಬೋದು, ಸರ್ಕಾರಿ ಕಾಲೇಜಲ್ಲಿ ಖರ್ಚು ಕಮ್ಮಿ ಬೀಳತ್ತೆ.

ನನ್ನಿಂದಾನೇ ಹಿಂಗಾಯ್ತಾ?

ಕೆಲವು ಸಲ ಕಾರಣ ಮನೇಲೇ ಇರತ್ತೆ, ಅದನ್ನ ಮುಚ್ಚಿಟ್ಟು ಸಮಾಧಾನ ಹೇಳಲ್ಲ. ನಾನ್‌ಸ್ಟಿಕ್ ತವಾ ಒಲೆ ಮೇಲೆ ಮರೆತು ಅತಿಯಾಗಿ ಕಾದ್ರೆ ಬರೋ ಹೊಗೆ ನಿಮಿಷಗಳಲ್ಲಿ ಹಕ್ಕಿ ಕೊಲ್ಲತ್ತೆ. ಸೊಳ್ಳೆ ಬತ್ತಿ, ಅಗರಬತ್ತಿ, ಸಾಂಬ್ರಾಣಿ, ರೂಮ್ ಫ್ರೆಶ್ನರ್, ಹೊಸ ಪೇಂಟು ಇವೆಲ್ಲ ಅದರ ಉಸಿರಿಗೆ ಕೆಟ್ಟದ್ದು, ದೇವರ ಮನೆ ಪಕ್ಕ ಪಂಜರ ನೇತಾಕಿದ್ರೆ ಇವತ್ತೇ ಬದಲಾಯಿಸಿ. ಬೆಣ್ಣೆಹಣ್ಣು, ಚಾಕ್ಲೇಟ್, ಉಪ್ಪಿನ ತಿಂಡಿ, ಈರುಳ್ಳಿ ಬೇಡ. ವರ್ಷಗಟ್ಟಲೆ ಬರೀ ಕಾಳು ತಿಂದ್ರೆ ವಿಟಮಿನ್ ಎ ಕೊರತೆ, ಲಿವರ್‌ಗೆ ಕೊಬ್ಬು.

ಇದನ್ನೆಲ್ಲ ಅಂಗಡಿಯವ್ರು ಹೇಳಿರಲ್ಲ, ನಮಗೆ ಹೇಳಿಕೊಡೋರು ಯಾರೂ ಇರ್ಲಿಲ್ಲ. ಗೊತ್ತಿಲ್ದೆ ಆಗಿದ್ದಕ್ಕೆ ನಿಮ್ಮನ್ನ ನೀವು ಶಿಕ್ಷಿಸ್ಕೊಂಡು ಕೂತ್ರೆ ಇವತ್ತಿನ ಔಷಧಿ ಟೈಮ್ ತಪ್ಪತ್ತೆ, ಗೊತ್ತಾಗಿದ್ದನ್ನ ಇವತ್ತು ಸರಿ ಮಾಡಿ. ಎಷ್ಟೋ ಕಾಯಿಲೆ ಅಂಗಡಿಯಿಂದ ತರೋವಾಗ್ಲೇ ಮೈಯಲ್ಲಿರತ್ತೆ.

ನಮಗೂ ಅಂಟತ್ತಾ? ಮನೇಲಿ ಮಗು ಇದೆ.

ಹೆಚ್ಚಿನವು ಅಂಟಲ್ಲ. ಸಿಟ್ಟಕೋಸಿಸ್ ಅಂತ ಒಂದಿದೆ, ಗಿಳಿ ಜಾತಿ ಹಕ್ಕಿಗಳಿಂದ ಮನುಷ್ಯರಿಗೆ ಬರತ್ತೆ, ಒಣಗಿದ ಹಿಕ್ಕೆ ಧೂಳಿನಿಂದ. ಪಂಜರ ಒಣಗಿದ್ದಾಗ ಗುಡಿಸ್ಬೇಡಿ, ನೀರು ಚಿಮುಕಿಸಿ ಮಾಸ್ಕ್ ಹಾಕಿ ಒರೆಸಿ, ಕೈ ಸೋಪಲ್ಲಿ ತೊಳೀರಿ. ಮನೇಲಿ ಯಾರಿಗಾದ್ರೂ ಜ್ವರ, ಒಣ ಕೆಮ್ಮು, ವಿಪರೀತ ತಲೆನೋವು ಬಂದ್ರೆ ನಿಮ್ಮ ಡಾಕ್ಟ್ರಿಗೆ "ಮನೇಲಿ ಹಕ್ಕಿ ಇದೆ, ಅದಕ್ಕೂ ಹುಷಾರಿಲ್ಲ" ಅಂತ ಹೇಳಿ, ಔಷಧಿ ಇದೆ, ವಾಸಿ ಆಗತ್ತೆ. ಹಕ್ಕಿಗೆ ಇದೇ ಕಾಯಿಲೆ ಅಂತ ಗೊತ್ತಾದ್ರೆ ಚಿಕಿತ್ಸೆ ಸಾಮಾನ್ಯವಾಗಿ 45 ದಿನ.

ನಮ್ಮನೇಲಿರೋದು ನಮ್ಮ ಊರಿನ ಹಸಿರು ಗಿಳಿ. ಡಾಕ್ಟ್ರ ಹತ್ರ ಹೋದ್ರೆ ಕೇಸ್ ಆಗತ್ತಾ?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ನಮ್ಮ ದೇಶದ ಗಿಳಿ ಸಾಕೋದು ಅಪರಾಧ, ಎಷ್ಟೇ ಪ್ರೀತಿಯಿಂದ ಸಾಕಿದ್ರೂ. ಆ ಭಯಕ್ಕೆ ಚಿಕಿತ್ಸೆ ಕೊಡಿಸದೆ ಸಾಯಿಸೋದು ಅದಕ್ಕಿಂತ ದೊಡ್ಡ ತಪ್ಪು. ಅರಣ್ಯ ಇಲಾಖೆಯವ್ರಿಗೆ ಒಪ್ಪಿಸಿ, ಬೆಂಗಳೂರಲ್ಲಾದ್ರೆ ಕೆಂಗೇರಿಯಲ್ಲಿ ಪೀಪಲ್ ಫಾರ್ ಅನಿಮಲ್ಸ್ ಅವರ ವನ್ಯಜೀವಿ ಆಸ್ಪತ್ರೆ ಇದೆ.

ಡಾಕ್ಟ್ರು ಇನ್ನು ಆಗಲ್ಲ ಅಂದ್ರು. ಮುಂದೆ?

ನೋವು ಇದೆಯಾ, ನೋವು ಕಮ್ಮಿ ಮಾಡೋಕೆ ಏನಾದ್ರೂ ಇದೆಯಾ ಅಂತ ಕೇಳಿ. ತಿಂತಿದೆಯಾ, ಕೋಲ ಮೇಲೆ ಕೂರೋಕೆ ಆಗ್ತಿದೆಯಾ, ನಿಮ್ಮ ದನಿಗೆ ತಿರುಗಿ ನೋಡತ್ತಾ, ಇವು ಮೂರೂ ಇಲ್ಲ ಅಂದಾಗ ನಿದ್ದೆ ಬರಿಸಿ ಕಳಿಸೋ ವಿಷ್ಯ ಡಾಕ್ಟ್ರ ಜೊತೆ ಮಾತಾಡ್ಬೋದು, ಅದು ಕ್ರೌರ್ಯ ಅಲ್ಲ. ನಾನು ಚಿಟ್ಟಿಗೆ ಆ ನಿರ್ಧಾರ ತಗೊಳ್ಳೋಕೆ ಆಗ್ಲಿಲ್ಲ, ಕೈಯಲ್ಲೇ ಹೋಯ್ತು, ಬೆಳಗಿನ ಜಾವ.

ಯಾಕೆ ಹೋಯ್ತು ಅಂತ ತಿಳೀಬೇಕು ಅನ್ಸಿದ್ರೆ, ಮನೇಲಿ ಬೇರೆ ಹಕ್ಕಿಗಳಿದ್ರಂತೂ ಖಂಡಿತ, ಪಶುವೈದ್ಯಕೀಯ ಕಾಲೇಜಲ್ಲಿ ಪೋಸ್ಟ್‌ಮಾರ್ಟಂ ಮಾಡ್ತಾರೆ. ಪ್ಲಾಸ್ಟಿಕ್ ಕವರಲ್ಲಿ ಹಾಕಿ ಫ್ರಿಜ್ಜಲ್ಲಿಡಿ, ಫ್ರೀಜರಲ್ಲಿ ಬೇಡ, ಆದಷ್ಟು ಬೇಗ ತಲುಪಿಸಿ.

ಮಕ್ಕಳಿಗೆ ಏನಂತ ಹೇಳೋದು?

"ಹಾರಿ ಹೋಯ್ತು" ಅನ್ಬೇಡಿ. ನನ್ನ ಮಗಳು ಮೂರು ತಿಂಗಳು ಟೆರೇಸ್ ಮೇಲೆ ಕಾಳು ಇಟ್ಟು ಕಾದ್ಲು. ಸತ್ತು ಹೋಯ್ತು ಅಂತಾನೇ ಹೇಳಿ, ಮಣ್ಣು ಮಾಡುವಾಗ ಜೊತೆಗಿರ್ಲಿ.

ಜೊತೆ ಹಕ್ಕಿ ಒಂಟಿ ಆಗಿದೆ, ದಿನಾ ಕೂಗತ್ತೆ. ತಕ್ಷಣ ಇನ್ನೊಂದು ತರ್ಲಾ?

ತಕ್ಷಣ ಬೇಡ. ಹೋಗಿರೋ ಹಕ್ಕಿ ಕಾಯಿಲೆ ಇದಕ್ಕೂ ಇರಬಹುದು, ಮೊದ್ಲು ಡಾಕ್ಟ್ರಿಗೆ ತೋರಿಸಿ, ಪಂಜರ ಬಿಸಿನೀರಲ್ಲಿ ಉಜ್ಜಿ ಬಿಸಿಲಿಗೆ ಒಣಗಿಸಿ, ಮರದ ಕೋಲು ಎಸೆದು ಹೊಸದು ಹಾಕಿ. ಹೊಸ ಹಕ್ಕಿ ತಂದ್ರೂ 30-45 ದಿನ ಬೇರೆ ರೂಮಲ್ಲಿ ಇಡ್ಬೇಕು. ಅಲ್ಲಿವರೆಗೆ ಪಂಜರನ ನೀವು ಜಾಸ್ತಿ ಹೊತ್ತು ಇರೋ ಕಡೆ ತಂದಿಡಿ, ಮಾತಾಡಿಸಿ, ರೇಡಿಯೋ ಸಣ್ಣಗೆ ಹಾಕಿಡಿ. ಮತ್ತೆ ಅದರ ತೂಕನೂ ಬರೀರಿ. ದುಃಖಕ್ಕೆ ತಿನ್ನೋದು ಬಿಡೋ ಹಕ್ಕಿಗಳಿದಾವೆ. ನಮ್ಮ ಚಿಟ್ಟಿ ಜೊತೆಗಾರ್ತಿ ಒಂದು ವಾರದಲ್ಲಿ 36ರಿಂದ 33ಕ್ಕೆ ಬಂದ್ಲು, ನಾನು ಪಂಜರನ ಅಡುಗೆ ಮನೆ ಹೊರಗಿನ ಹಜಾರಕ್ಕೆ ತಂದು, ನಾನು ಊಟಕ್ಕೆ ಕೂತಾಗೆಲ್ಲ ಅವಳ ಮುಂದೇನೂ ನೆನೆಸಿದ ನವಣೆ ಇಟ್ಟೆ. ಹತ್ತನೇ ದಿನ 34 ತೋರಿಸ್ತು.